ಸತಾರ ಕೇಳಿ ಗಿತಾರ ತಂದದ್ದು

ನಮ್ಮ ಖಾನಾಪುರದ ಮನೆಯಲ್ಲಿ ಜಗಳಕ್ಕೂ ಒಂದು ಹೊತ್ತು ಗೊತ್ತುಮಾಡಿದ್ದರು. ರವಿವಾರ ಮಧ್ಯಾಹ್ನ, ಊಟ ಮುಗಿದು, ಅಜ್ಜ ಎಲೆಯಡಿಕೆಯ ತಟ್ಟೆಯನ್ನು ಮುಂದೆ ಎಳೆದುಕೊಂಡ ಮೇಲೆ. ಬೇರೆ ಮನೆಗಳ ಜನ ಸಿಟ್ಟು ಬಂದಾಗ ಜಗಳವಾಡುತ್ತಿದ್ದರು. ನಾವು ಹೆಪ್ಪು ಹಾಕಿದ ಹಾಲಿನ ಹಾಗೆ ಸಿಟ್ಟನ್ನು ಮುಚ್ಚಿಟ್ಟು ರವಿವಾರದ ತನಕ ಕಾಯಬೇಕಿತ್ತು. ಅಜ್ಜ ಬಹಳ ವರ್ಷ ಕನ್ನಡ ಸಾಲೆಯ ಮಾಸ್ತರಿಕೆ ಮಾಡಿದವನು. ಪೆನ್ಶನ್ನಿನ ಮೇಲೆ ಮನೆ ಸೇರುವಾಗ ಸಾಲೆಯನ್ನೂ ಹಿಂದೆಯೇ ಕರೆದುಕೊಂಡು ಬಂದುಬಿಟ್ಟ. ಪಡಸಾಲೆಯೇ ಸಭೆಯಾಯಿತು. ಮನೆಯೊಳಗೆ ಚಹಾ ಬರಬೇಕೋ ಬೇಡವೋ, ಹಿತ್ತಲ ಹಲಸಿನ ಟೊಂಗೆ ಕಡಿಸಬೇಕೋ ಬೇಡವೋ, ನಾಲ್ಕನೆಯ ಇಯತ್ತೆ ಮುಗಿಸಿದ ಹುಡುಗಿಯನ್ನು ಮುಂದಕ್ಕೆ ಕಲಿಸಬೇಕೋ ಬೇಡವೋ, ಎಲ್ಲಕ್ಕೂ ಒಬ್ಬರು ಪರ, ಒಬ್ಬರು ವಿರೋಧ. ಸಭೆ ನಡೆದಿರುವಾಗ ಏಕವಚನ ಕೂಡದು, ಮಕ್ಕಳಿಗೂ ‘ರೀ’ ಹಚ್ಚಬೇಕು. ಬೆಳಿಗ್ಗೆ ನನ್ನ ಕಿವಿ ಹಿಂಡಿದ ಅಜ್ಜನೇ ಮಧ್ಯಾಹ್ನ ‘ಹೇಳ್ರಿ ಶಾಂತಾಬಾಯಿ’ ಅನ್ನುತ್ತಿದ್ದ. ಇತ್ಯರ್ಥ ಅವನದು. ಇತ್ಯರ್ಥವಾದ ಮಾತನ್ನು ಆಮೇಲೆ ಅಡುಗೆಮನೆಯಲ್ಲಾಗಲಿ ಬಚ್ಚಲಲ್ಲಾಗಲಿ ಮತ್ತೆ ಎತ್ತಿದವರಿಗೆ ಒಂದು ವಾರ ತುಪ್ಪ ಬಂದ್.

ಆ ನಾಲ್ಕನೆಯ ಇಯತ್ತೆಯ ಹುಡುಗಿ ನಾನೇ. ನನ್ನ ಪರವಾಗಿ ನಾನೇ ನಿಂತೆ, ಬೇರೆ ಯಾರು ನಿಲ್ಲಬೇಕು? ವಿರೋಧಕ್ಕೆ ಆಯಿ, ಅಂದರೆ ಅಜ್ಜನ ಹೆಂಡತಿ, ನಡುಮನೆಯ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು.

“ಸಾಲಿ ಕಲ್ತ ಹುಡುಗ್ಯಾರು ಗಂಡನ ಎದುರು ಮಾತಾಡ್ತಾರ್ರಿ,” ಅಂದಳು ಆಯಿ.

“ಯಾರು? ಒಂದು ಹೆಸರು ಹೇಳ್ರಿ,” ಅಂದೆ.

ಖಾನಾಪುರದಲ್ಲಿ ಅಂಥ ಹುಡುಗಿ ಒಬ್ಬಳೂ ಇರಲಿಲ್ಲ. ನಾನು ಬಿಡಲಿಲ್ಲ.

“ನೀವು ಸಾಲಿ ಮಾರಿ ನೋಡಿಲ್ರಿ. ಆದ್ರೂ ಅಜ್ಜನ ಎದುರು ದಿನಾ ಮಾತಾಡ್ತೀರಿ. ಅಂದ್ಮ್ಯಾಲ ತಪ್ಪು ಸಾಲೀದು ಹೆಂಗ ಆಗ್ತೈತ್ರಿ?”

ಅಜ್ಜ ನಕ್ಕ ರಭಸಕ್ಕೆ ಎಲೆಯ ರಸ ಅವನ ಧೋತರದ ಮೇಲೆ ಬಿತ್ತು. ನಾನು ಐದನೆಯ ಇಯತ್ತೆಗೆ ಹೋದೆ. ಆಯಿ ಅಂದಿನಿಂದ ನನಗೊಂದು ಬಿರುದು ಕೊಟ್ಟಳು: “ಹೆಸರು ಶಾಂತಾ, ಬಾಯಿ ಸಂತಿ.” ನನಗೇನೂ ಬೇಸರವಾಗಲಿಲ್ಲ. ‘ಹೆಸರು ಹೇಳ್ರಿ’, ‘ನೋಡಿದವರು ಯಾರು?’, ‘ಸಾಕ್ಷಿ ಏನು?’ ಎಂಬ ಮೂರು ಪ್ರಶ್ನೆಗಳಿಂದ ಲೋಕವನ್ನೇ ಬಾಯಿಮುಚ್ಚಿಸಬಹುದು ಎಂಬುದು ಹನ್ನೊಂದನೆಯ ವಯಸ್ಸಿಗೆ ನನಗೆ ಗೊತ್ತಾಗಿಹೋಗಿತ್ತು. ಗ್ರಹಣದ ಹೊತ್ತಿಗೆ ಉಂಡರೆ ಏನಾಗುತ್ತದೆ ಎಂದು ಉಂಡೇ ನೋಡಿದವಳು ನಾನು. ಏನೂ ಆಗಲಿಲ್ಲ, ಆಯಿಯ ಕೈಯ ಏಟೊಂದನ್ನು ಬಿಟ್ಟು.

ಸಭೆಯಲ್ಲಿ ಎಂದೂ ಬಾಯಿ ತೆರೆಯದವಳು ಗಂಗತ್ತಿ. ಅಪ್ಪನ ತಂಗಿ. ಮದುವೆಯಾದ ಎರಡನೆಯ ವರ್ಷಕ್ಕೆ ಗಂಡ ಪ್ಲೇಗಿನಲ್ಲಿ ತೀರಿಕೊಂಡ ಮೇಲೆ ತವರಿಗೆ ಬಂದವಳು, ರವಿವಾರದ ಸಭೆಗೆ ಹೊಸ್ತಿಲಲ್ಲಿ ಮೊರ ಹಿಡಿದು ಕೂತು ಅಕ್ಕಿ ಆರಿಸುತ್ತಿದ್ದಳು. ಅವಳ ದನಿ ಕೆಳಗಿನದು, ದಪ್ಪನೆಯದು, ಕಾಳು ತುಂಬುವ ಖಾಲಿ ಹಗೇವಿನೊಳಗೆ ಯಾರೋ ಮಾತಾಡಿದ ಹಾಗೆ. ಸೋಮವಾರ ಸಂಜೆ ನಮ್ಮ ಮನೆಯಲ್ಲಿ ಭಜನೆ ಇರುತ್ತಿತ್ತು. ಬಾಜು ಮನೆಯವರು ಹಾರ್ಮೋನಿಯಂ ಪೇಟಿ ತರುತ್ತಿದ್ದರು, ಅಜ್ಜ ದಮ್ಮಡಿ ಬಾರಿಸುತ್ತಿದ್ದ, ಆಯಿ ಮೇಲಿನ ಪಟ್ಟಿಯಲ್ಲಿ ಎತ್ತುತ್ತಿದ್ದಳು, ಉಳಿದ ಹೆಂಗಸರು ಅವಳ ಹಿಂದೆ ಕಿರುಚುತ್ತಿದ್ದರು. ಗಂಗತ್ತಿಗೆ ಅಲ್ಲಿಗೆ ಏರಲು ಆಗುತ್ತಿರಲಿಲ್ಲ. ಕೆಳಗೆ ಹಾಡಿದರೆ ‘ಅದೇನ ಗಂಡಸಿನಂಗ’ ಎಂದು ನಗುತ್ತಿದ್ದರು. ಹಾಗಾಗಿ ಅವಳು ತಾಳ ಮಾತ್ರ ಹಾಕುತ್ತಿದ್ದಳು. ಅವಳು ಹಾಡುತ್ತಿದ್ದದ್ದು ಬೆಳಗಿನ ಜಾವ, ಬೀಸುವ ಕಲ್ಲಿನ ಮುಂದೆ. ಕಲ್ಲಿನ ಗುರುಗುರು ಕೆಳಗೆ, ಅದರ ಮೇಲೆ ಅವಳ ದನಿ, ಎರಡೂ ಒಂದೇ ಮಣ್ಣಿನವು. ನಾನು ಕೌದಿಯೊಳಗೆ ಅರ್ಧ ನಿದ್ದೆಯಲ್ಲಿ ಅದನ್ನು ಕೇಳುತ್ತಲೇ ಬೆಳೆದವಳು. ಆಮೇಲೆ ಪೇಟೆಯಲ್ಲಿ ಎಣ್ಣೆಯ ಇಂಜಿನಿನ ಹಿಟ್ಟಿನ ಗಿರಣಿ ಬಂತು. ಜೋಳದ ಚೀಲ ಗಿರಣಿಗೆ ಹೋಗತೊಡಗಿತು. ಎಲ್ಲರೂ ‘ಪಾಪ, ಗಂಗಾನ ರಟ್ಟಿಗೆ ಸುಖ ಆತು’ ಅಂದರು. ಜೋಳ ಗಿರಣಿಗೆ ಹೋಗಲಿ ಎಂದು ರವಿವಾರ ವಾದಿಸಿ ಗೆದ್ದವಳೂ ನಾನೇ. ಮುಂಜಾನೆ ಮನೆ ಯಾಕೆ ಇಷ್ಟು ಬಿಕೋ ಅನ್ನುತ್ತದೆ ಎಂಬುದು ನನಗೆ ತಿಂಗಳುಗಟ್ಟಲೆ ಹೊಳೆಯಲೇ ಇಲ್ಲ.

ಹೊಳೆದದ್ದು ಅತ್ತಿ ಬೆಳಗಾವಿಯಿಂದ ವಾಪಸ್ಸು ಬಂದ ಮೇಲೆ. ಅಪ್ಪ ಬೆಳಗಾವಿಯ ಕಚೇರಿಯೊಂದರಲ್ಲಿ ಕಾರಕೂನನಾಗಿದ್ದ, ಸೈನ್ಯದ ಕ್ಯಾಂಪಿನ ಅಂಚಿಗೆ ಒಂದು ಖೋಲಿ ಹಿಡಿದಿದ್ದ, ಶನಿವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಕಣ್ಣಿನ ಔಷಧಕ್ಕೆಂದು ಅತ್ತಿ ಅಲ್ಲಿ ಹದಿನೈದು ದಿನ ಇದ್ದಳು. ಕಣ್ಣಿಗೆ ಪಟ್ಟಿ ಕಟ್ಟಿದ್ದರಿಂದ ಕಿವಿಯೊಂದೇ ಕೆಲಸಕ್ಕಿತ್ತು. ಗೋಡೆಯಾಚೆ ಗೋವೆಯ ಕ್ರಿಸ್ತರ ಬಡಿಗ ಕಾಯ್ತಾನ್ ಮೇಸ್ತ್ರಿಯ ಕೆಲಸದ ಕೋಣೆ. ಕುರ್ಚಿ ಮೇಜಿನ ಜತೆಗೆ ಅವನು ವಾದ್ಯಗಳನ್ನೂ ಮಾಡುತ್ತಿದ್ದ, ರಿಪೇರಿಯನ್ನೂ ಮಾಡುತ್ತಿದ್ದ. ಅತ್ತಿ ಬಂದವಳೇ ನನ್ನನ್ನು ಹಿತ್ತಲಿಗೆ ಕರೆದು ಹೇಳಿದಳು:

“ಶಾಂತಾ, ಅಲ್ಲೊಂದು ವಾದ್ಯ ಐತಿ. ಗಿತಾರ ಅಂತಾರ. ಅದರ ದಪ್ಪ ತಂತಿ ನನ್ನ ದನಿಗಿಂತ ಕೆಳಗ ಐತಿ ನೋಡು. ನನ್ನ ಕೆಳಗ ಏನರೆ ಒಂದು ಹಾಸಿಧಂಗ ಇದ್ರ, ನಾ ಹಾಡತೀನಿ. ಇಲ್ಲಾಂದ್ರ ನನ್ನ ಹಾಡು ಕಲ್ಲಿನ ಜೋಡಿ ಹೋತು.”

ಮೂವತ್ತು ದಾಟಿದ ಹೆಂಗಸು ನನ್ನೆದುರು ಏನನ್ನಾದರೂ ಬೇಕು ಎಂದದ್ದು ಅದೇ ಮೊದಲು. ಆ ರವಿವಾರ ನಾನು ಪರವಾಗಿ ನಿಂತೆ. ಆಯಿ ವಿರೋಧ.

“ಪೇಟಿ ಐತೆಲ್ರಿ? ಮತ್ತ್ಯಾಕ?”

“ಪೇಟಿ ಬಾಜು ಮನಿಯವರದ್ರಿ. ದನಿ ನಮ್ಮ ಮನೀದು.”

ಅಜ್ಜನ ಎಡಗಿವಿ ಮಂದ, ಬಾಯಿತುಂಬ ಎಲೆ. ಅವನು ತಲೆದೂಗಿ ಅಂದ: “ಸತಾರ ಛಲೋ ವಾದ್ಯ. ಸರಸ್ವತಿ ಮುಂದ ಇಡೂವಂಥಾದ್ದು. ತರೂಣು. ಇತ್ಯರ್ಥ ಆತು.”

ನಮ್ಮ ಕಡೆ ಸಿತಾರಿಗೆ ಸತಾರ ಅನ್ನುತ್ತಾರೆ. ಗಿತಾರ ಎಂಬ ಮಾತನ್ನು ಅಜ್ಜ ಹುಟ್ಟಿದಂದಿನಿಂದ ಕೇಳಿದವನಲ್ಲ. ಅವನ ಕಿವಿ ತನಗೆ ಗೊತ್ತಿದ್ದ ಮಾತನ್ನೇ ಕೇಳಿಸಿಕೊಂಡಿತ್ತು. ಅತ್ತಿ ಗಾಬರಿಯಿಂದ ನನ್ನ ಕಡೆ ನೋಡಿದಳು. ನಾನು ಸುಮ್ಮನಿದ್ದೆ. ಎದುರಿನವರ ತಪ್ಪನ್ನು ತಿದ್ದುವುದು ವಾದಿಸುವವರ ಕೆಲಸವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮುಂದಿನ ವಾರ ಅಜ್ಜ, ಅತ್ತಿ, ನಾನು, ರೊಟ್ಟಿ ಶೇಂಗಾ ಚಟ್ನಿಯ ಬುತ್ತಿಗಂಟು, ನಾಲ್ವರೂ ಬೆಳಗಿನ ರೈಲುಗಾಡಿ ಹಿಡಿದು ಬೆಳಗಾವಿಗೆ ಹೋದೆವು. ಟಾಂಗಾದಲ್ಲಿ ಅಜ್ಜ ಸತಾರದ ಸೋರೆ ಬುರುಡೆ ಹೇಗಿರಬೇಕು ಎಂದು ಉಪನ್ಯಾಸ ಕೊಟ್ಟ. ಕಾಯ್ತಾನ್ ಮೇಸ್ತ್ರಿಯ ಕೋಣೆಯ ತುಂಬ ಅಂಟಿನ ವಾಸನೆ, ಕಟ್ಟಿಗೆಯ ಹೊಟ್ಟು, ಗೋಡೆಗೆ ಮೇರಿಯ ಪಟ. ಮೇಸ್ತ್ರಿ ಸಣಕಲ, ಮೂಗಿನ ತುದಿಗೆ ಕನ್ನಡಕ, ಕನ್ನಡ ಮರಾಠಿ ಕೊಂಕಣಿ ಮೂರನ್ನೂ ಒಂದೇ ಡಬ್ಬಿಯಲ್ಲಿ ಇಟ್ಟುಕೊಂಡವನು. ಅವನು ಗೋಡೆಯಿಂದ ಮೂರು ವಾದ್ಯ ಇಳಿಸಿ ಚಾಪೆಯ ಮೇಲೆ ಮಲಗಿಸಿದ. ಅಜ್ಜ ಒಂದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿದ.

“ಇದರ ಬುರುಡಿ ಎಲ್ಲೈತಿ?”

“ಬುರುಡಿ ನಾಹೀ, ಆಜೋಬಾ. ಇದು ಗಿತಾರ.”

“ಹೌದ್ರಿ, ಸತಾರ. ಬುರುಡಿ ಎಲ್ಲಿ ಅಂತ ಕೇಳಿದೆ.”

“ಗಿತಾರ, ಆಜೋಬಾ, ಗಿ! ಗಿ!”

ಅಜ್ಜ ಕನ್ನಡಕ ತೆಗೆದು ಒರೆಸಿಕೊಂಡು ನನ್ನತ್ತ ತಿರುಗಿದ. ನನ್ನ ಮುಖ ನೋಡಿದ ಕೂಡಲೇ ಅವನಿಗೆ ಎಲ್ಲ ತಿಳಿಯಿತು. ಆದರೆ ಪಡಸಾಲೆಯಲ್ಲಿ ಕೊಟ್ಟ ಮಾತು ಪಡಸಾಲೆಯ ಮಾತು. “ಸಂತಿ,” ಅಂದ ಕೆಳದನಿಯಲ್ಲಿ, “ನಿನ್ನನ್ನ ಮನಿಗೆ ಹೋಗಿ ನೋಡ್ಕೋತೀನಿ.” ಆಮೇಲೆ ಕುಂಬಾರ ಓಣಿಯಲ್ಲಿ ಗಡಿಗೆ ಆರಿಸುವವನಂತೆ ಕುಕ್ಕರಗಾಲಲ್ಲಿ ಕೂತು, ಬೆರಳ ಗೆಣ್ಣಿನಿಂದ ಮೂರರ ಹೊಟ್ಟೆಯನ್ನೂ ಬಡಿದು ನೋಡಿದ. ಮೂರನೆಯದರ ಮೇಲೆ ಎರಡು ಸಲ ಬಡಿದ. ನನಗೆ ನಾಚಿಕೆಯಾಯಿತು. ಮೇಸ್ತ್ರಿ ಮಾತ್ರ ಕೈ ಎತ್ತಿ, “ಬರೋಬರ್, ಆಜೋಬಾ! ನಾನೂ ಹಂಗ ನೋಡ್ತೀನಿ!” ಅಂದ.

ಒಂದು ತೀರ ಸಣ್ಣದು, ಅದನ್ನು ಮೇಸ್ತ್ರಿಯೇ ಪಕ್ಕಕ್ಕೆ ಸರಿಸಿದ. ಇನ್ನೊಂದು ಮುಂಬಯಿಯಿಂದ ಬಂದ ಹೊಸದು. ಕನ್ನಡಿಯಂತೆ ಹೊಳೆಯುವ ಕಪ್ಪು ಮೈ, ತೂತಿನ ಸುತ್ತ ಚಿಪ್ಪಿನ ಕೆಲಸ, ಉಕ್ಕಿನ ತಂತಿ. ಮೂರನೆಯದು ಹಳೆಯದು, ಬೆಲ್ಲದ ಬಣ್ಣದ್ದು, ಪಕ್ಕದಲ್ಲಿ ಒಂದು ಬಿರುಕಿಗೆ ತೇಪೆ ಹಾಕಿತ್ತು, ಎತ್ತಿದರೆ ಬುಟ್ಟಿಯಷ್ಟೂ ಭಾರವಿಲ್ಲ. ನಾನು ಕಪ್ಪಿನ ಪರ. ಹೊಸದು, ಗಟ್ಟಿಯಾದದ್ದು, ಬಿರುಕಿಲ್ಲ ಎಂದು ಬೆರಳು ಮಡಚಿ ಮಡಚಿ ಕಾರಣ ಕೊಟ್ಟೆ. ಮೇಸ್ತ್ರಿ ಒಂದು ಕಣ್ಣು ಮುಚ್ಚಿ ಕಪ್ಪಿನ ಕುತ್ತಿಗೆಯುದ್ದಕ್ಕೂ ನೋಡಿ, ನನಗೂ ಹಾಗೆ ನೋಡಲು ಹೇಳಿದ. ಕುತ್ತಿಗೆ ಬಿಲ್ಲಿನಂತೆ ಒಂದಿಷ್ಟು ಬಾಗಿತ್ತು. “ಆತಾ ಕಳಲಾ ಕಾಯ್, ಪೋರಿ, ತಿಳೀತೇನು? ಬಣ್ಣಕ್ಕ ಮರುಳಾಗಬ್ಯಾಡ,” ಎಂದು ನಕ್ಕ. ಅತ್ತಿ ಎರಡರ ದಪ್ಪ ತಂತಿಯನ್ನೂ ಹೆಬ್ಬೆರಳಿನಿಂದ ಮುಟ್ಟಿದಳು. ಕಪ್ಪಿನದು ಚಿಣ್ ಎಂದು ಕೂಗಿತು. ಬೆಲ್ಲದ ಬಣ್ಣದ್ದು ಕೂಗಲಿಲ್ಲ, ಎದೆಯೊಳಗಿಂದ ಹೂಂ ಅಂದಿತು. ಆ ಹೂಂಕಾರ ಮುಗಿಯುವ ಮೊದಲೇ ಅತ್ತಿ, ಅಷ್ಟು ಜನರ ನಡುವೆ, ಸೆರಗು ಬಾಯಿಗೆ ಅಡ್ಡ ಹಿಡಿದು, ಒಂದು ಸ್ವರ ಸೇರಿಸಿದಳು. ಹಲಗೆ ನಯಮಾಡಲು ರಂಧೆ ಹೊಡೆಯುತ್ತಿದ್ದ ಆಳು ಕೈ ನಿಲ್ಲಿಸಿದ.

“ಬಾಯಿಯವರ ಕಿವಿ ಸಾಚಾ,” ಅಂದ ಮೇಸ್ತ್ರಿ. “ಇದ ತಗೊಳ್ರಿ.”

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಯಾಕೆಂದರೆ ನಾನು ಸೋತಿದ್ದೆ. ಸೋತು ಸುಮ್ಮನಿರುವ ವಿದ್ಯೆ ಮಾತ್ರ ನಮ್ಮ ಪಡಸಾಲೆಯಲ್ಲಿ ಯಾರೂ ನನಗೆ ಕಲಿಸಿರಲಿಲ್ಲ. ಬೆಲ್ಲದ ಬಣ್ಣದ್ದರಲ್ಲಿ ಏನಾದರೊಂದು ಕುಂದು ಹುಡುಕಲೇಬೇಕು ಎಂದು ಅದರ ಮೈಯ ಮೇಲೆಲ್ಲ ಕಣ್ಣಾಡಿಸಿದೆ. ತಂತಿಗಳು ಲೋಹದ ಹಾಗೆ ಹೊಳೆಯುತ್ತಿರಲಿಲ್ಲ, ಮಾಸಲು ಹಳದಿ.

“ಈ ತಂತಿ ಯಾತರಿಂದ ಮಾಡ್ಯಾರ?”

ಮೇಸ್ತ್ರಿ ಸುಳ್ಳಾಡುವ ಮನುಷ್ಯನಲ್ಲ. “ಕುರಿ ಕರುಳು,” ಅಂದ. “ಎಲ್ಲಾ ಕರುಳನ. ದಪ್ಪಾದ್ದಕ್ಕ ಮ್ಯಾಲೆ ತಂತಿ ಸುತ್ತೈತಿ, ಅಷ್ಟ.”

ಅಜ್ಜ ಕೈಯನ್ನು ಒಲೆಯಿಂದ ಎಳೆದುಕೊಂಡಂತೆ ಎಳೆದುಕೊಂಡ. ಬಸವಣ್ಣನ ಮಾರ್ಗದ ಮನೆ ನಮ್ಮದು, ಕೊರಳಲ್ಲಿ ಲಿಂಗ ಕಟ್ಟಿದವರು. ಮೊಟ್ಟೆ ಮಾರುವವನು ಓಣಿಯಲ್ಲಿ ಹೋದರೆ ಆಯಿ ಬಾಗಿಲು ಹಾಕುತ್ತಿದ್ದಳು. ನನ್ನ ಗೆಲುವು ಅಷ್ಟರಲ್ಲೇ ಆಗಿತ್ತು, ಆದರೂ ನಾನು ಮೇಲೊಂದು ಮಾತು ಹೇರಿದೆ: “ಲಿಂಗಾ ಹಿಡಿಯೂ ಕೈಲೆ ಕರುಳು ಮುಟ್ಟೂದು ಹೆಂಗ, ಅಜ್ಜಾ?” ಗ್ರಹಣದಲ್ಲಿ ಉಂಡವಳ ಬಾಯಲ್ಲಿ ಬಂದ ಮಾತು ಅದು. ಅದರಲ್ಲಿ ನನಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಅಜ್ಜ ಎದ್ದು ತಲೆಯ ಪಗಡಿ ಸರಿಮಾಡಿಕೊಂಡ. ಅತ್ತಿ ವಾದ್ಯವನ್ನು ಚಾಪೆಯ ಮೇಲೆ ಇಟ್ಟಳು. ಕೈ ತೆಗೆಯಲು ಮಾತ್ರ ಬಹಳ ಹೊತ್ತು ಹಿಡಿಯಿತು.

ಆಗ ನನಗೆ ಹೆದರಿಕೆಯಾಯಿತು. ಅತ್ತಿಯ ವಕೀಲಳಾಗಿ ಬಂದವಳು ನಾನು, ಅವಳ ಮೊಕದ್ದಮೆಯನ್ನೇ ಕೆಡವಿದ್ದೆ. ಕೂಡಲೇ ಒಂದು ಉಪಾಯ ಹೊಳೆಯಿತು, ಹೊಳೆದಾಗ ಬಹಳ ಜಾಣತನದ್ದು ಅನ್ನಿಸಿತು: ಹಳೆಯದರ ಮೈಗೆ ಕಪ್ಪಿನ ಉಕ್ಕಿನ ತಂತಿ ಕಟ್ಟಿಸಿದರಾಯಿತು. ಕರುಳೂ ಹೋಯಿತು, ದನಿಯೂ ಉಳಿಯಿತು. ಅಜ್ಜನ ಮುಖ ಅರಳಿತು. ಮೇಸ್ತ್ರಿಯದು ಬಾಡಿತು.

“ನಕೋ, ನಕೋ. ಇದರ ಹೊಟ್ಟಿ ಪಾಪಡದಂಗ ತೆಳ್ಳಗ ಐತಿ. ಉಕ್ಕಿನ ತಂತಿ ಜಗ್ಗತೈತಿ. ತಾಳಂಗಿಲ್ಲ.”

“ನೀವು ಇದಕ್ಕ ಉಕ್ಕಿನ ತಂತಿ ಹಾಕಿ ನೋಡೀರೇನು?”

“ಇಲ್ಲ.”

“ಹಾಕಿ ನೋಡಿಲ್ಲ ಅಂದ್ರ ತಾಳಂಗಿಲ್ಲ ಅಂತ ಹೆಂಗ ಹೇಳ್ತೀರಿ?”

“ಬಾವ್ಯಾಗ ಬಿದ್ದೂ ನೋಡಿಲ್ಲ, ಪೋರಿ. ಆದ್ರೂ ಬೀಳಬಾರದು ಅಂತ ಗೊತ್ತೈತಿ.”

“ಅದು ಹೋಲಿಕಿ ಆತು. ಸಾಕ್ಷಿ ಆಗಲಿಲ್ಲ.”

ಮೇಸ್ತ್ರಿ ನನ್ನನ್ನು ನೋಡಿದ, ಅಜ್ಜನನ್ನು ನೋಡಿದ, ಕೊನೆಗೆ ಅತ್ತಿಯನ್ನು ನೋಡಿದ. ಅವಳ ಮುಖದಲ್ಲಿ ಏನಿತ್ತೋ, ಅವನು ಕರುಳಿನ ತಂತಿ ಬಿಚ್ಚಿ ಸುರುಳಿ ಸುತ್ತಿಟ್ಟುಕೊಂಡು ಉಕ್ಕಿನದು ಕಟ್ಟಿಕೊಟ್ಟ. ಅತ್ತಿ ಕೇಳಿದಂತೆ ಆರು ತಂತಿಯನ್ನೂ ಸಾ ಮತ್ತು ಪಾ, ಎರಡೇ ಸ್ವರಕ್ಕೆ ಕೂಡಿಸಿದ. “ಬೆರಳು ಒತ್ತಂಗೇ ಇಲ್ಲೇನ್ರಿ? ಬರೇ ಮೀಟೂದಾ?” ಎಂದು ಕೇಳಿ ತಲೆ ಅಲ್ಲಾಡಿಸಿದ. ಗಾಡಿಯಲ್ಲಿ ಬರುವಾಗ ಅತ್ತಿ ಅದನ್ನು ಕೂಸಿನಂತೆ ಮಡಿಲಲ್ಲಿ ಇಟ್ಟುಕೊಂಡಿದ್ದಳು. ದೇಸೂರು ದಾಟಿದ ಮೇಲೆ ಅಜ್ಜ ಬುತ್ತಿ ಬಿಚ್ಚಿ ದೊಡ್ಡ ರೊಟ್ಟಿಯನ್ನು ನನಗೆ ಕೊಟ್ಟ. “ನೀ ವಕೀಲ ಆಗ್ತಿ ಬಿಡು,” ಅಂದ. ಅಷ್ಟು ರುಚಿಯಾದ ರೊಟ್ಟಿಯನ್ನು ನಾನು ಆಮೇಲೆ ತಿಂದಿಲ್ಲ.

ಮೂರು ಸೋಮವಾರ ನಮ್ಮ ಮನೆ ಬೇರೆಯಾಯಿತು. ಉಕ್ಕಿನ ತಂತಿಯಲ್ಲೂ ಆ ಹಳೆಯ ಮೈ ತನ್ನ ಹೂಂಕಾರ ಬಿಟ್ಟಿರಲಿಲ್ಲ. ಭಜನೆ ಮುಗಿದು ಪೇಟಿಯವರು ಹೋದ ಮೇಲೆ ಅತ್ತಿ ನಡುಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತು ಒಂದೇ ಒಂದು ಪದ ಹಾಡುತ್ತಿದ್ದಳು. ಮೊದಲನೆಯ ವಾರ ಕೇಳಲು ನಾನೊಬ್ಬಳೇ. ಎರಡನೆಯ ವಾರ ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ಮೂರನೆಯ ವಾರ ಪೇಟಿಯವರು ಮರೆತ ಚಾಳೀಸಿನ ಕನ್ನಡಕ ತೆಗೆದುಕೊಳ್ಳುವ ನೆವದಲ್ಲಿ ವಾಪಸ್ಸು ಬಂದು ಕಂಬದ ಮರೆಗೆ ನಿಂತರು. ನಾಲ್ಕನೆಯ ವಾರಕ್ಕೆ ಎಲ್ಲರೆದುರು ಭಜನೆಯಲ್ಲೇ ಹಾಡುವುದೆಂದು ಅತ್ತಿ ಒಪ್ಪಿದ್ದಳು. ಅದರ ಹಿಂದಿನ ಶುಕ್ರವಾರ ಮಧ್ಯಾಹ್ನ, ಯಾರೂ ಮುಟ್ಟದಿದ್ದಾಗ, ನಡುಮನೆಯಲ್ಲಿ ಹಂಚು ಒಡೆದ ಸಪ್ಪಳವಾಯಿತು. ಓಡಿ ಹೋಗಿ ನೋಡಿದರೆ ತಂತಿಗಳನ್ನು ಹೊತ್ತ ಕಟ್ಟಿಗೆಯ ಕುದುರೆ ಮೈಯಿಂದ ಕಿತ್ತು ಬಂದಿತ್ತು, ಹೊಟ್ಟೆಯ ಹಲಗೆಯ ಸೀಳೊಂದನ್ನು ಹಲ್ಲಿನಲ್ಲಿ ಕಚ್ಚಿಕೊಂಡಂತೆ. ತಂತಿಗಳು ಸುರುಳಿ ಸುತ್ತಿ ನೆಲದ ಮೇಲೆ ಬಿದ್ದಿದ್ದವು.

ಅತ್ತಿ ಚೂರುಗಳನ್ನು ಆರಿಸಿ, ಹಳೆಯ ಕೌದಿಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟು, ಮೊರ ತೆಗೆದುಕೊಂಡು ಹೊಸ್ತಿಲಿಗೆ ಹೋಗಿ ಕೂತಳು. ಆಯಿ ದೇವರ ಮನೆಯ ಕಡೆ ಕೈ ಮುಗಿದಳು. “ದೇವರಿಗೆ ಬ್ಯಾಡಾಗಿತ್ತು, ಬಿಡು. ಅಂವಾ ತೋರಿಸಿಕೊಟ್ಟ.” ಅವ್ವ ಹೌದು ಅಂದಳು. ಪೇಟಿಯವರೂ ಹೌದು ಅಂದರು. ಸಂಜೆಯ ಹೊತ್ತಿಗೆ ಇಡೀ ಓಣಿಗೆ ದೇವರ ಇಚ್ಛೆ ಏನೆಂದು ಗೊತ್ತಾಗಿತ್ತು. ದೇವರಿದ್ದಾನೋ ಇಲ್ಲವೋ, ಅದು ಬೇರೆ ಚರ್ಚೆ. ಇದ್ದರೂ ಈ ಕೆಲಸ ಅವನು ಮಾಡಿದ್ದಲ್ಲ. ಒಬ್ಬ ಬಡಿಗ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ ಮಾತನ್ನು ಸಾಕ್ಷಿ ಕೇಳಿ ಹೊಡೆದುಹಾಕಿದವಳು ನಾನು. ಸಾಕ್ಷಿ ಈಗ ಅಟ್ಟದ ಮೇಲಿತ್ತು. ಮುಂದೆ ಎಷ್ಟೋ ಸಭೆಗಳಲ್ಲಿ ನಿಂತೆ, ದೊಡ್ಡ ದೊಡ್ಡವರನ್ನು ಎದುರಿಸಿದೆ, ಆದರೆ ನನ್ನ ತಪ್ಪನ್ನು ಬೇರೆಯವರು ದೇವರ ಲೆಕ್ಕಕ್ಕೆ ಬರೆದು ನನ್ನನ್ನು ಖುಲಾಸೆ ಮಾಡಿದ ಆ ಎರಡು ದಿನಗಳಂಥ ಹಿಂಸೆಯನ್ನು ಯಾವ ಸೋಲಿನಲ್ಲೂ ಕಂಡಿಲ್ಲ.

ರವಿವಾರ ಅಜ್ಜ ಎಲೆಗೆ ಸುಣ್ಣ ಹಚ್ಚುವ ಮೊದಲೇ ಎದ್ದು ನಿಂತೆ.

“ಇತ್ಯರ್ಥ ಆದ ಮಾತು ಎತ್ತತೀನ್ರಿ.”

“ತುಪ್ಪಾ ಬಿಡ್ತೀರೇನು?”

“ಬಿಡ್ತೀನ್ರಿ.”

“ಯಾರ ವಿರುದ್ಧ?”

“ನನ್ನ ವಿರುದ್ಧನ್ರಿ. ಗಿತಾರ ರಿಪೇರಿ ಮಾಡಸ್ಬೇಕು. ಕರುಳಿನ ತಂತೀನ ಹಾಕಸ್ಬೇಕು.”

ಆಯಿ ಶಿವ ಶಿವಾ ಅಂದಳು. ನನ್ನ ಹಳೆಯ ವಾದದ ಪರ ಅಜ್ಜನೇ ನಿಂತ. ಅಂಗಡಿಯಲ್ಲಿ ನಾನು ಆಡಿದ ಮಾತನ್ನು ಅಕ್ಷರ ಬಿಡದೆ ನನ್ನ ಮುಂದಿಟ್ಟ: “ಲಿಂಗಾ ಹಿಡಿಯೂ ಕೈಲೆ ಕರುಳು ಮುಟ್ಟೂದು ಹೆಂಗ್ರಿ, ಶಾಂತಾಬಾಯಿ?”

“ಭಜನಿಗೆ ದಮ್ಮಡಿ ಬಾರಸ್ತೀರೆಲ್ರಿ ಅಜ್ಜಾ, ಅದರ ತೊಗಲು ಯಾರದು?”

“ತೊಗಲು ಬ್ಯಾರೆ, ಕರುಳು ಬ್ಯಾರೆ.”

“ಆಡಿನ ಹೊರಗಿಂದು ನಡೀತೈತಿ, ಕುರಿ ಒಳಗಿಂದು ನಡಿಯಂಗಿಲ್ಲೇನ್ರಿ? ಎರಡೂ ಸತ್ತ ಮ್ಯಾಲೇನ ಬಂದದ್ದಲ್ಲೇನ್ರಿ?”

ಬಾಗಿಲಲ್ಲಿ ಯಾರೋ ನಕ್ಕರು. ಅಜ್ಜ ನಗಲಿಲ್ಲ. ಅವನು ಮಾಸ್ತರನಾಗಿದ್ದವನು, ಎಲ್ಲಿ ಕೈ ಇಡಬೇಕೆಂದು ಅವನಿಗೆ ಗೊತ್ತಿತ್ತು.

“ಈ ದಮ್ಮಡಿ ಮಾತು ಅವತ್ತ ಕ್ಯಾಂಪಿನ್ಯಾಗ ನಿಮಗ ಗೊತ್ತಿರಲಿಲ್ಲೇನ್ರಿ?”

ಗೊತ್ತಿರಲಿಲ್ಲ ಅನ್ನಬಹುದಿತ್ತು. ಹನ್ನೊಂದು ವರ್ಷದವಳು, ಎಲ್ಲರೂ ನಂಬುತ್ತಿದ್ದರು. ನೆಲದ ಸಗಣಿಯ ಗೆರೆಗಳನ್ನು ನೋಡುತ್ತ ಅಂದೆ:

“ಗೊತ್ತಿತ್ರಿ.”

“ಮತ್ತ?”

“ಮೇಸ್ತ್ರಿ ನಕ್ಕಿದ್ರಿ. ನನಗ ಗೆಲ್ಲಬೇಕಾಗಿತ್ತು.”

ಹೊಸ್ತಿಲಲ್ಲಿ ಮೊರದ ಸಪ್ಪಳ ನಿಂತಿತು. ಅಜ್ಜ ಎಲೆಯನ್ನು ಬಾಯಿಗಿಡದೆ ತಟ್ಟೆಯಲ್ಲಿ ವಾಪಸ್ಸು ಇಟ್ಟ. ಇತ್ಯರ್ಥ ಹೇಳುವ ಬದಲು ಹೊಸ್ತಿಲ ಕಡೆ ತಿರುಗಿದ. ಅಷ್ಟು ವರ್ಷದ ಸಭೆಯಲ್ಲಿ ಆ ಕಡೆಗೆ ಅವನು ಪ್ರಶ್ನೆ ಹಾಕಿದ್ದು ಅದೇ ಮೊದಲು.

“ಗಂಗಾಬಾಯಿ, ನೀವು ಏನಂತೀರಿ?”

ಅತ್ತಿ ಮೊರವನ್ನು ಪಕ್ಕಕ್ಕಿಟ್ಟಳು. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು. ಅವಳ ಕೆಳದನಿ ಪಡಸಾಲೆಯ ಮೂಲೆಮೂಲೆಗೂ ಹೋಯಿತು.

“ನಾ ಹಾಡಿದ್ರ ನನ್ನ ದನಿ ಎಲ್ಲಿಂದ ಬರ್ತೈತ್ರಿ ಅಪ್ಪಾ? ನನ್ನ ಕರುಳಿಂದನ ಬರ್ತೈತಿ. ಅದಕ್ಕ ಮೈಲಿಗಿ ಇಲ್ಲಂದ್ರ ಇದಕ್ಕೂ ಇಲ್ಲ. ಐತಿ ಅಂದ್ರ, ನಾನೂ ಮನಿಯೊಳಗ ಕುಂದರೂವಂಗಿಲ್ಲ.”

ಅಜ್ಜ ತಟ್ಟೆಯಲ್ಲಿಟ್ಟ ಎಲೆಯನ್ನು ಮತ್ತೆ ಎತ್ತಿಕೊಂಡ. ಆಮೇಲೆ ಇತ್ಯರ್ಥ ಹೇಳಿದ. ಗಿತಾರ ಬೆಳಗಾವಿಗೆ ಹೋಗಲಿ, ಕರುಳಿನ ತಂತಿ ಹಾಕಿಸಿಕೊಂಡು ಬರಲಿ. ಆಯಿ ಮಾತ್ರ ಒಪ್ಪಲಿಲ್ಲ. ಅದು ದನಿ ಮಾಡುವ ಜಾಗದಲ್ಲಿ ತಾನು ಕೂರುವುದಿಲ್ಲ ಎಂದಳು. ನಾನು ಒಂದು ವಾರ ತುಪ್ಪವಿಲ್ಲದೆ ಉಂಡೆ.

ವಾದ್ಯವನ್ನು ಅಪ್ಪನ ಕೈಯಲ್ಲಿ ಕಳಿಸಲು ಅಜ್ಜ ಬಿಡಲಿಲ್ಲ. ನಾನೇ ಹೋಗಬೇಕೆಂದ. ಅಪ್ಪನ ಹಿಂದೆ ನಿಂತು, ಕೌದಿ ಬಿಚ್ಚಿ, ಮೇಸ್ತ್ರಿಯ ಮುಂದೆ ಇಟ್ಟೆ. ಅವನು ‘ನಾ ಹೇಳಿರಲಿಲ್ಲೇನು’ ಅನ್ನಬಹುದು ಎಂದು ಕಾದೆ. ಅದಕ್ಕೆ ಉತ್ತರವನ್ನೂ ತಯಾರಿಸಿಕೊಂಡು ಹೋಗಿದ್ದೆ, ಸ್ವಭಾವ ಒಂದು ವಾರದಲ್ಲಿ ಹೋಗುವಂಥದ್ದಲ್ಲ. ಅವನು ಸೀಳಿದ ಹಲಗೆಯ ಅಂಚನ್ನು ಬೆರಳಿನಿಂದ ಸವರಿ ನಾಲಿಗೆಯಲ್ಲಿ ಚ್ ಚ್ ಅಂದು, ಅಂಟಿನ ಗಡಿಗೆಯನ್ನು ಇದ್ದಲಿಯ ಮೇಲಿಟ್ಟ. “ಕುಂದರ, ಪೋರಿ. ಇಲ್ಲಿ ಗಟ್ಟಿ ಹಿಡಿ, ಕೈ ಅಲ್ಲಾಡಬಾರದು.” ಅಂಟು ಕಚ್ಚುವ ತನಕ ನಾನು ಕುದುರೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದು, ಒಂದೂ ಮಾತಾಡದೆ ಕೂತೆ. ಅಷ್ಟು ಹೊತ್ತು ನಾನು ಮಾತಿಲ್ಲದೆ ಇದ್ದದ್ದನ್ನು ಅಪ್ಪ ಊರಲ್ಲೆಲ್ಲ ಹೇಳಿಕೊಂಡು ಬಂದ.

ಮರುಸೋಮವಾರ ಆಯಿ ತನ್ನ ಮಾತಿನಂತೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಪೇಟಿಯವರು ಪೇಟಿ ತಂದಿದ್ದರು, ತೆರೆಯಲಿಲ್ಲ. ದೀಪ ಹಚ್ಚಿದ್ದಾಯಿತು. ಅತ್ತಿ ಗೋಡೆ ಬಿಟ್ಟು ಮುಂದೆ ಬಂದು, ಹೆಂಗಸರ ನಟ್ಟನಡುವೆ ಕೂತು, ಹೆಬ್ಬೆರಳಿನಿಂದ ದಪ್ಪ ತಂತಿಯನ್ನು ಮೀಟಿದಳು. ಅಜ್ಜ ದಮ್ಮಡಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಬಾರಿಸುವುದನ್ನೇ ಮರೆತ. ಅವಳು ಮೊದಲ ನುಡಿ ಮುಗಿಸಿದಳು, ಪಲ್ಲವಿಗೆ ಬಂದಳು, ಮುಂದಿನ ನುಡಿ ಎತ್ತಿದಳು. ಅಷ್ಟರಲ್ಲಿ ಮುಚ್ಚಿದ ಬಾಗಿಲಿನ ಒಳಗಿಂದ ಆಯಿಯ ದನಿ ಬಂತು:

“ಏ ಗಂಗಾ! ನಡುವಿನ ನುಡಿ ಹಾರಿಸಿದಿ ನೋಡು!”

ಹೆಂಗಸರು ಗೊಳ್ಳೆಂದು ನಕ್ಕರು. ಅತ್ತಿ ನಗುತ್ತಲೇ ಹಿಂದಕ್ಕೆ ಹೋಗಿ ಬಿಟ್ಟ ನುಡಿಯನ್ನು ಎತ್ತಿಕೊಂಡಳು. ಎರಡನೆಯ ಸಾಲಿಗೆ ಒಳಗಿನಿಂದ ಇನ್ನೊಂದು ದನಿ ಸೇರಿತು. ಮೇಲಿನ ಪಟ್ಟಿಯದಲ್ಲ, ಕೆಳಗೆ, ತಡವರಿಸುತ್ತ, ಅತ್ತಿಯ ದನಿಯ ದಾರಿಯನ್ನು ಹುಡುಕುತ್ತ.

ನಾನು ಥಟ್ಟನೆ ಎದ್ದೆ. ಬಾಗಿಲು ತೆರೆದು ಆಯಿ ಹಾಡುತ್ತಿರುವುದನ್ನು ಎಲ್ಲರಿಗೂ ತೋರಿಸಬೇಕಿತ್ತು. ಅಜ್ಜ ಕೈಚಾಚಿ ನನ್ನ ಲಂಗದ ಅಂಚು ಹಿಡಿದು ಎಳೆದ.

“ಕುಂದರ,” ಅಂದ ಪಿಸುಮಾತಿನಲ್ಲಿ. “ಬಾಗಲಾ ಹಾಕ್ಕೊಂಡನ ಹಾಡ್ಲಿ.”

ನಾನು ಕೂತೆ.